ದೀಪ ಹಚ್ಚಿದ ಮೇಲೆ ಹೇಳಬಾರದ ಹೆಸರು

ಕಾಲೇಜಿನ ಚರ್ಚಾಕೂಟದಲ್ಲಿ ನಾನು ಕಲಿತದ್ದು ಒಂದೇ ವಿದ್ಯೆ: ಚೀಟಿಯಲ್ಲಿ ಯಾವ ಪಕ್ಷ ಬಂದರೂ ಅದೇ ಸತ್ಯವೆಂಬಂತೆ ಮಾತಾಡುವುದು. ಆ ವರ್ಷ ಮೈಸೂರಿನಲ್ಲಿ ಕರಪತ್ರಗಳ ಹಾವಳಿ. ಕಾಫಿ ಕುಡಿದರೆ ನರ ಒಣಗುತ್ತದೆ ಎಂದು ಒಂದು, ನಲ್ಲಿಯ ನೀರಿನಿಂದ ಕಣ್ಣು ಮಂಜಾಗುತ್ತದೆ ಎಂದು ಇನ್ನೊಂದು. ಮಾರ್ಕೆಟ್ಟಿನ ಬಾಗಿಲಲ್ಲಿ ಕೈಗೆ ತುರುಕುತ್ತಿದ್ದರು. ಜನರನ್ನು ಹೆದರಿಸಲು ಸುಳ್ಳು ಬೇಕಾಗಿಲ್ಲ, ನಿಜವೇ ಸಾಕು ಎಂದು ನಾನು ಗೆಳೆಯರೊಡನೆ ಪಂಥ ಕಟ್ಟಿದೆ. ಒಂದು ಎಚ್ಚರಿಕೆಯ ಪತ್ರ ಬರೆದೆ. ಅದರಲ್ಲಿ ಒಂದು ವಾಕ್ಯವೂ ಸುಳ್ಳಿರಲಿಲ್ಲ.

ಮಹಾಜನರೇ, ನಿಮ್ಮ ಮನೆಯೊಳಗೆ ಒಂದು ಬಿಳಿಯ ವಸ್ತು ಇದೆ. ಅದರಲ್ಲಿ ಎರಡು ಧಾತುಗಳು. ಒಂದು, ನೀರು ತಾಗಿದರೆ ಉರಿಯುವ ಲೋಹ. ಇನ್ನೊಂದು, ಯೂರೋಪಿನ ಯುದ್ಧದಲ್ಲಿ ಸಿಪಾಯಿಗಳ ಉಸಿರು ಕಟ್ಟಿಸಿದ ಹಸಿರು ಗಾಳಿ. ಇದು ಬಿದ್ದ ಮಣ್ಣಿನಲ್ಲಿ ಹುಲ್ಲು ಹುಟ್ಟುವುದಿಲ್ಲ. ಇದು ಕಬ್ಬಿಣವನ್ನು ತಿನ್ನುತ್ತದೆ, ಹಳೆಯ ಗೋಡೆಯೊಳಗಿಂದ ತಾನಾಗಿ ಹೊರಗೆ ಬರುತ್ತದೆ. ಈವರೆಗೆ ಸತ್ತವರೆಲ್ಲರ ರಕ್ತದಲ್ಲಿಯೂ ಇದು ಇತ್ತು. ತಿಂದವರಿಗೆ ಆ ಕ್ಷಣ ಏನೂ ತಿಳಿಯುವುದಿಲ್ಲ. ಅಭ್ಯಾಸವಾದವರು ಸಾಯುವವರೆಗೂ ಬಿಡಲಾರರು.

ಹೀಗೆ ಎರಡು ಪುಟ. ಕೊನೆಯ ಸಾಲಿನಲ್ಲಿ ಮಾತ್ರ ಅದರ ಹೆಸರು: ಉಪ್ಪು. ಕೂಟದಲ್ಲಿ ಆ ಸಾಲಿಗೆ ಬೆಂಚುಗಳು ಅದುರುವಷ್ಟು ನಗೆ.

ಅದೇ ಉತ್ಸಾಹದಲ್ಲಿ ಮನೆಗೆ ಬಂದು ಅಮ್ಮನಿಗೂ ಓದಿದೆ. ಲಕ್ಷ್ಮೀಪುರದ ನಮ್ಮ ಮನೆಯ ಹಿಂಭಾಗದಲ್ಲಿ ಎರಡು ಕೋಣೆ ಬಾಡಿಗೆಗೆ ಕೊಟ್ಟಿದ್ದೆವು. ಅಲ್ಲಿದ್ದ ಹೆಂಗಸು ಕುಂಬಾರಕೊಪ್ಪಲಿನ ಒಕ್ಕಲುಮನೆಯಿಂದ ಬಂದವಳು. ಗಂಡ ಬಡಗಿ, ಕೆಲಸದ ಮೇಲೆ ಪರಸ್ಥಳಕ್ಕೆ ಹೋಗಿದ್ದ. ಅವರ ನಾಲ್ಕು ವರ್ಷದ ಮಗಳಿಗೆ ಎರಡು ದಿನದಿಂದ ಭೇದಿ. ಗಂಜಿಗೆ ಉಪ್ಪು ಹಾಕಿ ಗಳಿಗೆಗೊಮ್ಮೆ ಕುಡಿಸು ಎಂದು ಅಮ್ಮ ಬೆಳಗ್ಗೆಯೇ ಹೇಳಿದ್ದಳು. ಮಗು ಹೇಗಿದೆಯೆಂದು ಹೇಳಲು ಬಂದವಳು ನಾನು ಓದುವುದನ್ನು ಕೇಳುತ್ತಾ ಬಾಗಿಲಿಗೆ ಒರಗಿ ನಿಂತಳು. ಓದುತ್ತಾ ಓದುತ್ತಾ ಕತ್ತಲಾಯಿತು. ಅಮ್ಮ ಎದ್ದು ದೇವರ ದೀಪ ಹಚ್ಚಿದಳು. ನಾನು ಕೊನೆಯ ಸಾಲಿಗೆ ಬಂದೆ.

ಅಮ್ಮ ಕೈ ಎತ್ತಿ ತಡೆದಳು. ಕೇಳುತ್ತಾ ಕೇಳುತ್ತಾ ಅವಳು ಹೆಸರನ್ನು ಊಹಿಸಿಬಿಟ್ಟಿದ್ದಳು. ದೀಪ ಹಚ್ಚಿದ ಮೇಲೆ ಉಪ್ಪಿನ ಹೆಸರೆತ್ತುವುದು ನಮ್ಮ ಮನೆಯಲ್ಲಿ ಇಲ್ಲ. ನೆರೆಯವರು ಕೇಳಿದರೂ ಕೊಡುವುದಿಲ್ಲ, ಊಟಕ್ಕೆ ಬೇಕಾದರೆ ರುಚಿ ಎನ್ನಬೇಕು. ಎದುರಿಗೆ ವಾದಕ್ಕೆ ಇಷ್ಟು ಒಳ್ಳೆಯ ವಿಷಯ ಸಿಕ್ಕಿದ ಮೇಲೆ ನನಗೆ ಪತ್ರ ಮರೆತುಹೋಯಿತು. ಹೆಸರಿಗೂ ವಸ್ತುವಿಗೂ ಏನು ಸಂಬಂಧ, ಬೆಳಗ್ಗೆ ಇಲ್ಲದ ದೋಷ ಸಂಜೆ ಎಲ್ಲಿಂದ ಬರುತ್ತದೆ ಎಂದು ಶುರುಮಾಡಿದೆ. ಅಮ್ಮ ಬತ್ತಿ ಸರಿಮಾಡುತ್ತಾ ಕುಳಿತಳು. ಅರ್ಧ ಗಂಟೆಯ ಮೇಲೆ ತಿರುಗಿ ನೋಡಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳು ಯಾವಾಗ ಹೋದಳೆಂದು ಇಬ್ಬರೂ ಗಮನಿಸಿರಲಿಲ್ಲ; ಅಮ್ಮನ ಕೈ ಎದ್ದೊಡನೆಯೇ, ಹೆಸರು ಕೇಳದೆ, ಹೋಗಿದ್ದಿರಬೇಕು.

ಮರುದಿನ ಅವಳ ಹೊಸಲಿನ ಮುಂದೆ ರಂಗೋಲಿ ಇರಲಿಲ್ಲ. ಅದರ ಮರುದಿನವೂ ಇಲ್ಲ. ಅಮ್ಮ ಕೂಗಿದರೆ ಒಳಗಿನಿಂದಲೇ, ಪರವಾಗಿಲ್ಲ ಎಂಬ ಉತ್ತರ. ಮೂರನೆಯ ಸಂಜೆ ಅಮ್ಮ ಆ ಬರಿಯ ನೆಲವನ್ನು ನೋಡುತ್ತಾ ನಿಂತವಳು, ಸಾವಾದ ಮನೆಯ ಹಾಗೆ ಕಾಣುತ್ತದೆ, ಹೋಗಿ ನೋಡಿ ಬಾ ಎಂದಳು.

ಹಿತ್ತಲಿನ ಬೇಲಿಯ ಬುಡದಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಒಂದು ಬಿಳಿಯ ಗುಡ್ಡೆ. ರಂಗೋಲಿ ಪುಡಿ, ಕರ್ಪೂರ, ಕಲ್ಲುಸಕ್ಕರೆ, ಪಟಿಕ, ಸುಣ್ಣ, ಉಪ್ಪು. ಮನೆಯಲ್ಲಿದ್ದ ಬಿಳಿಯ ಸಾಮಾನೆಲ್ಲ ಅಲ್ಲಿತ್ತು. ಇರುವೆಗಳು ಒಂದು ಮಗ್ಗುಲಿಗೆ ಮಾತ್ರ ಮುತ್ತಿದ್ದವು. ಉಳಿದ ಮಗ್ಗುಲಿನ ಹತ್ತಿರ ಒಂದೂ ಇರಲಿಲ್ಲ.

ಒಳಗೆ ಒಲೆ ಉರಿಯುತ್ತಿರಲಿಲ್ಲ. ಒಂದು ಬುಡ್ಡಿದೀಪ. ಗೋಡೆಯ ಕಡೆ ಮುಖ ಮಾಡಿ ಮಗು ಮಲಗಿತ್ತು. ಮೊದಲು ನಿದ್ದೆ ಎಂದುಕೊಂಡೆ. ಆಮೇಲೆ ಒಂದು ಸಣ್ಣ ಸದ್ದು ಕೇಳಿಸಿತು, ಬೆಕ್ಕು ಹಾಲು ಕುಡಿಯುವಾಗಿನಂಥದು. ಮಗು ಗೋಡೆ ನೆಕ್ಕುತ್ತಿತ್ತು. ಉಪ್ಪಿನ ಚೌಳು ಹಿಡಿದು ಬೆಳ್ಳಗೆ ಹೂ ಬಿಟ್ಟಿದ್ದ ಜಾಗವನ್ನೇ ಹುಡುಕಿ, ಕಣ್ಣು ಅರ್ಧ ಮುಚ್ಚಿಕೊಂಡು, ನಿಧಾನವಾಗಿ. ಕೈ ಮುಟ್ಟಿದೆ. ಚರ್ಮ ಚಿವುಟಿದರೆ ಚಿವುಟಿದ ಹಾಗೆಯೇ ನಿಲ್ಲುತ್ತಿತ್ತು.

ಆ ಹೆಂಗಸು ಮಗುವನ್ನು ಎಳೆದುಕೊಂಡು ಸೆರಗಿನಿಂದ ಅದರ ಬಾಯಿ ಒರೆಸಿದಳು. "ನೋಡಿ ಅಣ್ಣಾವ್ರೇ, ಗೋಡೆ ಮ್ಯಾಲೂ ಬಂದ್ಬುಟ್ಟದೆ. ನೀವು ಹೇಳಿದಂಗೇ. ಎಷ್ಟು ಕೆರೆದ್ರೂ ಬತ್ತದೆ."

ಅದು ಏನೂ ಅಲ್ಲ ಅಕ್ಕ, ನಾನು ಓದಿದ್ದು ಬರೀ ಉಪ್ಪಿನ ವಿಷಯ, ತಮಾಷೆಗೆ ಬರೆದದ್ದು ಎಂದೆ.

ಅವಳು ಮಗುವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡಳು. "ಹಂಗಾದ್ರೆ ಅವತ್ತು ಓದಿದ್ದು ಸುಳ್ಳಾ?"

ಸುಳ್ಳು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಹಾಗೆನ್ನಲಿಲ್ಲ. ಸುಳ್ಳಲ್ಲ, ಪ್ರತಿಯೊಂದು ಮಾತೂ ನಿಜ, ಆದರೆ ಎಂದು ವಿವರಿಸಲು ಹೊರಟೆ. ಎರಡು ಧಾತು ಕೂಡಿದಾಗ ಗುಣ ಹೇಗೆ ಬದಲಾಗುತ್ತದೆ ಎಂದು ಕೂಟದ ಧಾಟಿಯಲ್ಲೇ ಹೇಳುತ್ತಾ ಹೋದೆ. ಒಂದೊಂದು ಮಾತಿಗೂ ಅವಳು ಒಂದೊಂದು ಅಂಗುಲ ಹಿಂದೆ ಸರಿದಳು. ನಾನು ಹೊರಗೆ ಓಡಿ ಗುಡ್ಡೆಯಿಂದ ಎರಡು ಹರಳು ಉಪ್ಪು ತಂದು ಅವಳ ಎದುರಿಗೇ ತಿಂದೆ.

"ತಿಂದೋರ್ಗೆ ಆಗ ಏನೂ ಗೊತ್ತಾಗಲ್ಲ ಅಂತ ನೀವೇ ಓದುದ್ರಲ್ಲ" ಎಂದಳು. ದನಿ ಏರಿಸಲಿಲ್ಲ. "ಅವತ್ತೂ ಇಂಗೇ ಹೇಳುದ್ರಿ, ಇವತ್ತೂ ಇಂಗೇ ಹೇಳ್ತಾ ಇದೀರಿ. ಯಾವುದನ್ನ ನಂಬ್ಲಿ?"

ನನ್ನ ಬಾಯಿಯ ತುಂಬ ಉಪ್ಪು. ಇನ್ನೇನು ಹೇಳಿದರೂ ಅದೇ ದನಿಯಲ್ಲಿ ತಾನೇ ಹೇಳಬೇಕಿತ್ತು. ಮಗುವಿನ ನಾಲಗೆ ತುಟಿಯ ಮೇಲೆ ಇನ್ನೂ ಆಡುತ್ತಿತ್ತು. ದೀಪದ ಬೆಳಕಿನಲ್ಲಿ ಗೋಡೆಯ ಬಿಳುಪು ನಾನು ಬಂದಾಗ ಇದ್ದುದಕ್ಕಿಂತ ಹೆಚ್ಚಾದಂತೆ ಕಂಡಿತು. ಇದನ್ನು ನಾನು ನಂಬುವುದಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ.

ಹಿಂದೆ ಹೆಜ್ಜೆಯ ಸದ್ದಾಯಿತು. ಅಮ್ಮ, ಕೈಯಲ್ಲಿ ಗಂಜಿಯ ತಪ್ಪಲೆ. ಎಷ್ಟು ಹೊತ್ತಿನಿಂದ ಹೊರಗೆ ನಿಂತು ಕೇಳುತ್ತಿದ್ದಳೋ. ನನ್ನನ್ನು ಅತ್ತ ಸರಿಸಿ ಆ ಹೆಂಗಸಿನ ಎದುರು ಕುಳಿತಳು. ಉರಿಯುತ್ತಿದ್ದ ದೀಪವನ್ನು ಒಮ್ಮೆ ನೋಡಿದಳು. ನಾನು ಹುಟ್ಟಿದಾಗಿನಿಂದ ಅಮ್ಮ ದೀಪದ ಹೊತ್ತಿನಲ್ಲಿ ಆ ಹೆಸರೆತ್ತಿದ್ದನ್ನು ಕೇಳಿರಲಿಲ್ಲ.

"ಉಪ್ಪು ಕಣಮ್ಮ" ಎಂದಳು. "ಉಪ್ಪು. ಇದರಲ್ಲಿ ಉಪ್ಪು ಹಾಕಿದೀನಿ."

ಆ ಹೆಂಗಸು ಅಮ್ಮನ ಮುಖವನ್ನೇ ನೋಡಿದಳು. ಅಮ್ಮ ಆ ಮಾತಿಗೆ ಏನು ತೆತ್ತಳೆಂಬುದು, ಸಂಜೆ ಆ ಹೆಸರನ್ನು ತಾನೂ ಎತ್ತದ ಅವಳಿಗೆ ಗೊತ್ತಾಯಿತು. ಕೈ ಸಡಿಲಿಸಿ ಮಗುವನ್ನು ಮುಂದಕ್ಕೆ ಕೊಟ್ಟಳು. ಅಮ್ಮ ಒಂದೊಂದೇ ಚಮಚ ಕುಡಿಸಿದಳು. ಮಗು ಮೊದಲು ಬಾಯಿ ಬಿಡಲಿಲ್ಲ. ಆಮೇಲೆ ಚಮಚವನ್ನೇ ಕಚ್ಚಿ ಹಿಡಿಯಿತು.

ಅಮ್ಮ ಮನೆಗೆ ಬಂದವಳು ಒಳಗೆ ಕಾಲಿಡುವ ಮುಂಚೆ ಹಿತ್ತಲ ನಲ್ಲಿಯಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿದಳು. ನಾನು ನಲ್ಲಿ ನಿಲ್ಲಿಸಿ ಅವಳ ಹಿಂದೆ ಒಳಗೆ ಹೋದೆ. ಬೆಳಗ್ಗೆ ಡಾಕ್ಟರು ಬಂದು ನೋಡಿ, ಇನ್ನೊಂದು ದಿನ ಹೋಗಿದ್ದರೆ ಕೈಮೀರುತ್ತಿತ್ತು ಎಂದರು. ಅಲ್ಲಿಂದ ನಾಲ್ಕನೆಯ ದಿನ ಆ ಹೊಸಲಿನ ಮುಂದೆ ಮತ್ತೆ ರಂಗೋಲಿ ಬಿತ್ತು.

ಆ ಎರಡು ಪುಟಗಳನ್ನು ಒಲೆಗೆ ಹಾಕಿದೆ. ಬೇಲಿಯ ಬುಡದ ಗುಡ್ಡೆಯನ್ನು ಅಮ್ಮ ಗುಡಿಸಿ ತೆಗೆದಳು. ಉಪ್ಪು ಮಾತ್ರ ಇಬ್ಬನಿಗೆ ಕರಗಿ ಅಷ್ಟರಲ್ಲಿ ನೆಲಕ್ಕೆ ಇಳಿದಿತ್ತು. ಅಲ್ಲಿ ಒಂದು ತಟ್ಟೆಯಷ್ಟು ಅಗಲದ ಜಾಗ ಮಳೆಗಾಲದಲ್ಲಿಯೂ ಬೋಳಾಗಿಯೇ ಇದೆ. ಸುತ್ತ ಮೊಳಕಾಲುದ್ದ ಗರಿಕೆ ಬೆಳೆದಿದೆ. ನಾನು ಬರೆದ ವಾಕ್ಯಗಳಲ್ಲಿ ಅದೊಂದು ಇನ್ನೂ ನಿಜವಾಗುತ್ತಲೇ ಇದೆ.