ಠಾಣೆಯೆದುರಿನ ಅರ್ಜಿ ಬರೆಯುವವರು

ಠಾಣೆಯೆದುರು ಮಡಚುವ ಮೇಜು ಹಾಕಿಕೊಂಡು ಕೂರುವ ಅರ್ಜಿ ಬರೆಯುವವರ ಅಕ್ಷರ ಎಷ್ಟು ದುಂಡಗೆಂದರೆ, ಅದರಲ್ಲಿ ಬರೆದ ಬೈಗುಳಕ್ಕೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಗುಲ್ಲೆದ್ದಾಗ ಇಡೀ ಬೀದಿ ದೂರು ಬರೆಸಲು ಅವರ ಮುಂದೆ ಸಾಲುಗಟ್ಟಿತು: ಪಾತ್ರೆ ಮಾರುವವಳ ಮೇಲೆ, ಮಹಡಿಯ ಬಾಡಿಗೆದಾರನ ಮೇಲೆ, ಸ್ವಂತ ಷಡ್ಡಕನ ಮೇಲೂ. ಒಂದು ಮಗುವೂ ಕಾಣೆಯಾಗಿರಲಿಲ್ಲ, ಆ ಮಾತು ಬೇರೆ. ಅವರು ಕನ್ನಡಕ ಹಣೆಗೇರಿಸಿ, "ಕಣ್ಣಾರೆ ಕಂಡ್ರಾ?" ಎನ್ನುವರು. "ಇಲ್ಲ, ಎಲ್ರೂ ಹೇಳ್ತಾರೆ." ಅದನ್ನೇ ಬರೆಯುವರು: 'ನಾನು ಕಂಡಿಲ್ಲ, ಎಲ್ಲರೂ ಹೇಳುತ್ತಾರೆ.' ಗಟ್ಟಿಯಾಗಿ ಓದಿ, ಹೆಬ್ಬೆಟ್ಟಿಗೆಂದು ಶಾಯಿ ಡಬ್ಬಿ ಮುಂದಿಡುವರು. ಎಂಥವರ ಹೆಬ್ಬೆಟ್ಟೂ ಅಲ್ಲಿ ಮುದುಡಿಕೊಳ್ಳುತ್ತಿತ್ತು. ಕೊನೆಗೆ ದರ್ಜಿ ಬಂದ, ಬೆನ್ನಿಗೆ ದೊಣ್ಣೆ ಹಿಡಿದ ಗುಂಪು. "ಒಂದು ಅರ್ಜಿನೂ ಒಳಗೆ ಹೋಗೋಕೆ ಬಿಡಲ್ಲ ಅಂದ್ರೆ ನೀವೂ ಕಳ್ಳರ ಕಡೆಯವರೇ. ನಿಮ್ಮ ಮೇಲೇ ಬರೀರಿ. ಬೇರೆ ಯಾರಿಗೂ ಇಷ್ಟು ಚೆನ್ನಾಗಿ ಬರೆಯೋಕೆ ಬರಲ್ಲ." ಅವರು ತಮ್ಮ ಹೆಸರು, ತಂದೆಯ ಹೆಸರು, ಮನೆ ನಂಬರು ಎಲ್ಲ ಬರೆದರು. ಅವರ ಅಕ್ಷರದ ಒಂದು ಕೊಂಬೂ ಕದಲಲಿಲ್ಲ. "ಕಣ್ಣಾರೆ ಕಂಡ್ರಾ?" ಎಂದು ಅವನನ್ನೂ ಕೇಳಿ, ಅವನ ಉತ್ತರ ಬರೆದು, ಓದಿದರು. ತಿಂಗಳಿಂದ ಯಾರೂ ಬೆರಳೊತ್ತದೆ ಡಬ್ಬಿ ಒಣಗಿತ್ತು. ಎರಡು ಹನಿ ಹೊಸ ಶಾಯಿ ಬಿಟ್ಟು, ದರ್ಜಿಯ ಮುಂದೆ ಸರಿಸಿದರು.