ತೊಗರಿಬೇಳೆ ಸಹಿ ಮಾಡದ ಕಾಗದ

ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಯಾರನ್ನಾದರೂ ಕಟಕಟೆಗೆ ಎಳೆಯುವುದು ಆಗ ನನ್ನ ಅಭ್ಯಾಸವಾಗಿತ್ತು. ಹಾಸ್ಟೆಲಿನ ಬಾಡಿಗೆ ಏರಿಸಿದವರು, ಬಸ್ಸಿನ ಮಾರ್ಗ ಕಡಿತಗೊಳಿಸಿದವರು, ಗ್ರಂಥಾಲಯದ ದೀಪ ಬೇಗ ಆರಿಸಿದವರು, ಎಲ್ಲರಿಗೂ ನನ್ನದು ಒಂದೇ ಪ್ರಶ್ನೆ: ಇದಕ್ಕೆ ಹೊಣೆ ಯಾರು, ಅವರ ಸಹಿ ಎಲ್ಲಿದೆ? ಎರಡು ಸಾವಿರದ ಮೊದಲ ದಶಕದ ಆ ವರ್ಷಗಳಲ್ಲಿ ಶನಿವಾರ ಬಂತೆಂದರೆ ಸಿಯಾಟಲ್‌ನಿಂದ ಬಸ್ಸು ಹಿಡಿದು ವುಡಿನ್‌ವಿಲ್‌ನಲ್ಲಿದ್ದ ಅಕ್ಕನ ಮನೆಗೆ ಹೋಗುತ್ತಿದ್ದೆ. ಅಲ್ಲಿ ಊಟ ಸಿಗುತ್ತಿತ್ತು, ಪ್ರಶ್ನೆ ಕೇಳುವುದಕ್ಕೆ ಭಾವನೂ ಸಿಗುತ್ತಿದ್ದರು.

ಭಾವ ರೆಂಟನ್‌ನ ವಿಮಾನ ಕಾರ್ಖಾನೆಯಲ್ಲಿ ತಪಾಸಣೆಯ ಎಂಜಿನಿಯರ್. ಅಲ್ಲಿ ಬೋಲ್ಟು ಬಿಗಿದವನು ಸಹಿ ಹಾಕಬೇಕು, ಅದನ್ನು ಪರೀಕ್ಷಿಸಿದ ಇನ್ನೊಬ್ಬನೂ ಹಾಕಬೇಕು. ತನ್ನ ಕೆಲಸವನ್ನು ತಾನೇ ಪಾಸು ಮಾಡುವಂತಿಲ್ಲ. ಅದೇ ಮನುಷ್ಯ ಮನೆಯಲ್ಲಿ ಮಾತ್ರ ಯಾವ ಯಂತ್ರದ ಕೈಪಿಡಿಯನ್ನೂ ಪೆಟ್ಟಿಗೆಯಿಂದ ಹೊರತೆಗೆದವರಲ್ಲ.

ಊರಂಚಿನ ಆ ಮನೆಗೆ ಬರುತ್ತಿದ್ದುದು ಬೋರ್‌ವೆಲ್ಲಿನ ಗಡಸು ನೀರು. ನಲ್ಲಿಗಳ ಬಾಯಿಗೆ ಸುಣ್ಣದ ಪೊರೆ ಕಟ್ಟಿತ್ತು. ಆರು ತಿಂಗಳಿಗೆಂದು ಬಾಗಲಕೋಟೆಯಿಂದ ಬಂದಿದ್ದ ಭಾವನ ತಾಯಿ, ನಾನು ಅತ್ತೆ ಎಂದು ಕರೆಯುತ್ತಿದ್ದವರು, ಬಂದ ಮೂರನೆಯ ದಿನವೇ ತೀರ್ಪು ಕೊಟ್ಟಿದ್ದರು: ಈ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ತೀರ್ಪಿನ ಮೊದಲರ್ಧ ಮಾತ್ರ ನಮ್ಮ ಕಿವಿಗೆ ಬಿತ್ತು.

ಭಾವ ಗಡಸು ನೀರನ್ನು ಮೆದುವಾಗಿಸುವ ಸಾಫ್ಟ್ನರ್ ಯಂತ್ರ ತಂದರು. ಅದರೊಳಗಿನ ರಾಳದ ಮಣಿಗಳು ನೀರಿನ ಸುಣ್ಣವನ್ನು ಹಿಡಿದಿಟ್ಟು, ಬದಲಿಗೆ ಸೋಡಿಯಂ ಬಿಡುತ್ತವೆ. ಆಗಾಗ ಉಪ್ಪುನೀರು ಆ ಮಣಿಗಳನ್ನು ತೊಳೆಯುತ್ತದೆ. ತೊಡಕಿದ್ದುದು ಅಲ್ಲಿಯೇ. ಅತ್ತೆಗೆ ಬಿ.ಪಿ. ಇತ್ತು, ಉಪ್ಪಿನ ಪಥ್ಯ ಕಟ್ಟುನಿಟ್ಟಾಗಿತ್ತು. ಪಥ್ಯದವರು ವೈದ್ಯರನ್ನು ಕೇಳಬೇಕೆಂಬ ಸಾಲು ಕೈಪಿಡಿಯ ಕೊನೆಯ ಪುಟದಲ್ಲಿ ಇರುವೆಯಷ್ಟು ಅಕ್ಷರದಲ್ಲಿತ್ತು. ಮನುಷ್ಯರ ರಕ್ತಕ್ಕೆ ಸಂಬಂಧಿಸಿದ ಮಾತನ್ನು ಗ್ಯಾರಂಟಿಯ ಷರತ್ತುಗಳ ಕೆಳಗೆ ಹೂತಿಟ್ಟವರ ಮೇಲಿನ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ಅಕ್ಕ ವೈದ್ಯರಿಗೆ ಫೋನು ಮಾಡಿದಳು. ಅತ್ತೆಯ ಕುಡಿಯುವ ನೀರು, ಅಡುಗೆಯ ನೀರು ಎರಡೂ ಆ ಯಂತ್ರದ ಮೂಲಕ ಬರಬಾರದು ಎಂದರು. ಹಾಗಾಗಿ ಅಡುಗೆಮನೆಯ ತಣ್ಣೀರಿನ ಕೊಳವೆಯನ್ನು ಯಂತ್ರಕ್ಕಿಂತ ಮೊದಲೇ ಕವಲೊಡೆಸುವುದೆಂದು ತೀರ್ಮಾನವಾಯಿತು.

ನಾನು ಗ್ಯಾರೇಜಿನ ಗೋಡೆಗೆ ಒಂದು ಕಾಗದ ಅಂಟಿಸಿ, ‘ಮಾಡಿದವರು’, ‘ನೋಡಿದವರು’ ಎಂದು ಎರಡು ಅಂಕಣ ಗೆರೆ ಎಳೆದು, ತಪ್ಪು ಯಾರದೆಂದು ಗೊತ್ತಾಗಲು ಸಹಿ ಇರಬೇಕು ಎಂದು ಮನೆಯವರಿಗೆಲ್ಲ ಕೇಳುವಂತೆ ಸಾರಿದೆ.

“ಆಯ್ತು ಇನ್‌ಸ್ಪೆಕ್ಟರಮ್ಮ,” ಎಂದರು ಭಾವ. “ಫ್ಯಾಕ್ಟರೀಲೂ ನನ್ನನ್ನ ಇಷ್ಟು ಯಾರೂ ಕಾಡಲ್ಲ.”

ಕಾಡಿದ್ದು ವ್ಯರ್ಥವಾಗಲಿಲ್ಲ. ಮೊದಲು ವಾಟರ್ ಹೀಟರಿನ ವಿದ್ಯುತ್ತನ್ನು, ಪಂಪನ್ನು, ಮುಖ್ಯ ವಾಲ್ವನ್ನು ನಿಲ್ಲಿಸಿ, ಮನೆಯ ಅತಿ ಕೆಳಗಿನ ನಲ್ಲಿಯಿಂದ ಕೊಳವೆಗಳನ್ನು ಬರಿದು ಮಾಡಿದರು. ತಾಮ್ರದ ಕೊಳವೆಯನ್ನು ಕತ್ತರಿಸುವ ಮುನ್ನವೇ, ಮನೆಯ ಅರ್ಥಿಂಗ್ ತುಂಡಾಗದಂತೆ ಕತ್ತರಿಸುವ ಜಾಗದ ಎರಡೂ ಬದಿಗೆ ದಪ್ಪ ತಂತಿಯ ಕ್ಲ್ಯಾಂಪು ಬಿಗಿದರು. ನೀರು ಒಳಬರುವ ಬಾಯಿ ಯಾವುದು, ಹೊರಹೋಗುವುದು ಯಾವುದು ಎಂದು ಬಾಣದ ಗುರುತಿನ ಮೇಲೆ ನನ್ನ ಬೆರಳಿಡಿಸಿ ತೋರಿಸಿದರು. ಆದರೆ ಯಂತ್ರದ ಕೊಳೆನೀರಿನ ಮೆದುಕೊಳವೆಯನ್ನು ಚರಂಡಿಯ ಪೈಪಿನೊಳಗೆ ಮೊಣಕೈಯುದ್ದ ತುರುಕಿ ಕೈ ಒರೆಸಿಕೊಂಡರು. ಅದರ ತುದಿ ಚರಂಡಿಯ ಬಾಯಿಗಿಂತ ಮೇಲೆ, ನಡುವೆ ಗಾಳಿಯಾಡುವಂತೆ ನಿಲ್ಲಬೇಕು, ಇಲ್ಲದಿದ್ದರೆ ಕೊಳೆನೀರು ಯಂತ್ರದೊಳಗೆ ಹಿಂದಕ್ಕೆ ನುಗ್ಗಬಹುದು ಎಂದು ನಾನು ಕೈಪಿಡಿಯನ್ನು ಗಟ್ಟಿಯಾಗಿ ಓದಿದೆ. ವಿಮಾನಗಳನ್ನು ಪಾಸು ಮಾಡುವ ಮನುಷ್ಯ ಅದನ್ನು ಹೊರಗೆಳೆದು ಸರಿಪಡಿಸಿದರು. ನೀರು ಬಿಟ್ಟು, ಕೀಲುಗಳು ಸೋರುವುದಿಲ್ಲವೆಂದು ಒಣ ಬಟ್ಟೆಯಲ್ಲಿ ಒತ್ತಿ ನೋಡಿ, ಉಪ್ಪಿನ ಹರಳು ಸುರಿದೆವು. ‘ನೋಡಿದವರು’ ಅಂಕಣದಲ್ಲಿ ನಾನು ಸಹಿ ಹಾಕಿದ ಗತ್ತು ಯಾವ ಮಂತ್ರಿಗೂ ಕಡಿಮೆಯದಾಗಿರಲಿಲ್ಲ.

ಮೂರು ವಾರಗಳಲ್ಲಿ ಎಲ್ಲರ ತಲೆಗೂದಲು ರೇಷ್ಮೆಯಾಯಿತು. ಆದರೆ ಅತ್ತೆಯ ಬಿ.ಪಿ. ಇಳಿಯಲಿಲ್ಲ, ಸ್ವಲ್ಪ ಏರಿತು. ಉಪ್ಪಿನಕಾಯಿಯ ಜಾಡಿಯನ್ನು ಅಕ್ಕ ಬಚ್ಚಿಟ್ಟಳು. ನಾನು ಕವಲಿನ ಕೊಳವೆಯನ್ನು ಮತ್ತೊಮ್ಮೆ ಪರೀಕ್ಷಿಸಿದೆ. ಅದು ಸರಿಯಾಗಿಯೇ ಇತ್ತು. ಹಾಗಾದರೆ ತಪ್ಪು ಯಾರದು?

ಉತ್ತರ ಒಂದು ಶನಿವಾರ ಬೆಳಿಗ್ಗೆ ನೆಲದ ಮೇಲೆ ಸಿಕ್ಕಿತು. ಬಚ್ಚಲುಮನೆಯಿಂದ ಅಡುಗೆಮನೆಯವರೆಗೆ ನೀರಿನ ಹನಿಗಳ ಸಾಲಿತ್ತು. ಅದರ ತುದಿಯಲ್ಲಿ ಅತ್ತೆ, ಅವರ ಕೈಯಲ್ಲಿ ತುಂಬಿದ ಸ್ಟೀಲ್ ತಂಬಿಗೆ. ದಿನವೂ ಬೇಳೆಗೆ, ಅನ್ನಕ್ಕೆ, ಚಹಾಕ್ಕೆ ಅವರು ಬಚ್ಚಲಿನ ಮೆದು ನೀರನ್ನೇ ಹೊತ್ತು ತರುತ್ತಿದ್ದರು. ಅದು ನಿಮಗೆ ಆಗದ ನೀರು, ನಿಮಗೋಸ್ಕರವೇ ಬೇರೆ ಕೊಳವೆ ಎಳೆದಿದ್ದೇವೆ ಎಂದು ನಾನು ಭಾಷಣ ಶುರು ಮಾಡಿದೆ. ಅವರು ತಂಬಿಗೆಯನ್ನು ನಿಧಾನವಾಗಿ ಕಟ್ಟೆಯ ಮೇಲಿಟ್ಟರು.

“ನಿಮ್ಮ ಆ ನೀರಾಗ ಬ್ಯಾಳಿ ಕುದಿಯೂದಿಲ್ಲ ಅಂತ ಬಂದ ಮೂರನೇ ದಿನಾನ ಹೇಳೀನಿ, ತಂಗಿ. ನೀ ಸಹಿ ಮಾಡಿದಿ, ನಿಮ್ಮ ಭಾವ ಸಹಿ ಮಾಡ್ಯಾನ. ಬ್ಯಾಳಿ ಸಹಿ ಮಾಡಿಲ್ಲ. ಅಡಗಿ ಮಾಡಾಕಿನ್ನ ಒಬ್ಬರರ ಕೇಳಿದ್ರೇನು?”

ಕೇಳಿರಲಿಲ್ಲ. ಊರಿನ ಎಲ್ಲ ಆಡಳಿತಗಾರರನ್ನೂ ಸಹಿ ಎಲ್ಲಿ ಎಂದು ಚುಚ್ಚುತ್ತಿದ್ದವಳು ನಾನು. ಯಾರ ಆರೋಗ್ಯಕ್ಕಾಗಿ ಅಷ್ಟೆಲ್ಲ ಮಾಡಿದ್ದೆವೋ ಅವರು ಆ ನೀರನ್ನು ಹೇಗೆ ಬಳಸುತ್ತಾರೆಂದು ಗ್ಯಾರೇಜಿನಿಂದ ಹತ್ತು ಹೆಜ್ಜೆ ನಡೆದು ಕೇಳಿರಲಿಲ್ಲ. ಬಿ.ಪಿ. ಏರಿದ್ದರಲ್ಲಿ ತಂಬಿಗೆಯ ಪಾಲೆಷ್ಟು, ಉಪ್ಪಿನಕಾಯಿಯ ಪಾಲೆಷ್ಟು ಎಂದು ವೈದ್ಯರೂ ಹೇಳಲಾರದೆ ಹೋದರು. ತಂಬಿಗೆ ನಿಲ್ಲಬೇಕು ಎಂದು ಮಾತ್ರ ಹೇಳಿದರು.

ಮುಂದಿನ ವಾರ ಭಾವ ಸಿಂಕಿನ ಕೆಳಗೆ ಒಂದು ಆರ್.ಓ. ಫಿಲ್ಟರ್ ಕೂರಿಸಿ, ಮೇಲೊಂದು ಪುಟ್ಟ ನಲ್ಲಿ ಇಟ್ಟರು. ಅದು ಸುಣ್ಣವನ್ನೂ ಸೋಡಿಯಮ್ಮನ್ನೂ ಬಹುಮಟ್ಟಿಗೆ ತೆಗೆಯುತ್ತದೆ. ಈ ಸಲ ತಪಾಸಣೆ ಅತ್ತೆಯದು. ಕುಕ್ಕರನ್ನು ದೂರವಿಟ್ಟು, ತೆರೆದ ಪಾತ್ರೆಯಲ್ಲಿ ಒಂದು ಲೋಟ ತೊಗರಿಬೇಳೆ ಇಟ್ಟರು. ಎಂಜಿನಿಯರ್ ಮಗ ಕೈಕಟ್ಟಿ ನಿಂತಿದ್ದರು. ಅರ್ಧ ಗಂಟೆಯ ಮೇಲೆ ಅತ್ತೆ ಒಂದು ಬೇಳೆಯನ್ನು ಎರಡು ಬೆರಳ ನಡುವೆ ಹಿಸುಕಿದರು. ಅದು ಬೆಣ್ಣೆಯಾಯಿತು. ಅವರು ನೇರವಾಗಿ ಗ್ಯಾರೇಜಿಗೆ ನಡೆದು, ಕಾಗದದ ಕೆಳಗೆ ‘ಬ್ಯಾಳಿ ಕುದ್ದೈತಿ’ ಎಂದು ಬರೆದು ಸಹಿ ಹಾಕಿದರು.

ನಾನು ಪೆನ್ನು ಇಸಿದುಕೊಂಡು, ಮೇಲಿದ್ದ ನನ್ನ ಸಹಿಯನ್ನು ಹೊಡೆದುಹಾಕಲು ಹೋದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

“ಇರ್ಲಿ ಬಿಡು. ತಪ್ಪು ಯಾರದಂತ ಗೊತ್ತಾಗಬೇಕಂದ್ರ ಸಹಿ ಇರಬೇಕಂತ ನೀನ ಹೇಳಿದ್ದಿಯಲ್ಲ.”