ಕಂಕುಳದ ತೇಪೆ

ಪುತ್ತೂರಿನ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದ ಕಾಲದಲ್ಲಿ ನನ್ನ ಹತ್ತಿರ ಒಂದು ಭೂತಗನ್ನಡಿ ಇತ್ತು. ಅದರ ದೆಸೆಯಿಂದ ಊರವರ ಕಣ್ಣಿಗೆ ನಾನು ದೊಡ್ಡ ಪಂಡಿತ. ಗದ್ದೆ ಉಳುವಾಗ ಸಿಕ್ಕಿದ ನಾಣ್ಯ, ಅಟ್ಟದ ಓಲೆಗರಿ ಎಲ್ಲವೂ ನಮ್ಮ ಜಗಲಿಗೆ ಬರುತ್ತಿದ್ದವು. ನೋಡಿದ ಕೂಡಲೇ ತೀರ್ಪು ಕೊಡುವ ಚಟ ನನಗೆ. ಆ ಜಗಲಿ, ಆ ಜನ, ಅವರ ನಂಬಿಕೆ ಈಗಲೂ ನೆನಪಾಗಿ ಸಂಕಟವಾಗುತ್ತದೆ. ಆ ಚಟ ಮಾತ್ರ ನೆನಪಾಗದಿದ್ದರೆ ಒಳ್ಳೆಯದಿತ್ತು.

ಒಂದು ಭಾನುವಾರ ಸುಳ್ಯದ ಮೊದಲ ಬಸ್ಸಿಗೆ ಹಿರಿಯ ಕೃಷಿಕರೊಬ್ಬರು ಗೋಣಿಚೀಲ ಹೊತ್ತು ಬಂದರು. ಚೀಲ ಕೊಡವಿದಾಗ ಚಾಪೆಯ ಮೇಲೆ ಉಂಗುರದಷ್ಟು ಸಣ್ಣ ಕಬ್ಬಿಣದ ಬಳೆಗಳನ್ನು ಹೆಣೆದ ಒಂದು ಅಂಗಿ ಬಿತ್ತು.

"ಕವಚ ಮಾಷ್ಟ್ರೆ. ಕೊಡಗಿನ ಅರಸರ ಪಡೆಯಲ್ಲಿದ್ದ ನಮ್ಮ ಹಿರಿಯರದ್ದು. ಅಜ್ಜ ಹೇಳಿದ್ದು."

ಅಣ್ಣತಮ್ಮಂದಿರು ನಾಲ್ವರು ಪಾಲಾಗುತ್ತಿದ್ದರು. ಅಂಗಿಯನ್ನು ಪಾಲು ಮಾಡುವುದು ಹೇಗೆ? ಹಳೆಯ ಸಾಮಾನು ಕೊಳ್ಳುವ ಮದರಾಸಿನ ಸಾಹೇಬರೊಬ್ಬರು, ತಿಳಿದವರು ಅಸಲಿ ಎಂದರೆ ತೆಗೆದುಕೊಳ್ಳುತ್ತೇನೆ ಎಂದಿದ್ದರಂತೆ. ತಿಳಿದವನು ಎಂದರೆ ನಾನು!

ಹಳೆಯ ಕವಚದಲ್ಲಿ ಪ್ರತಿ ಬಳೆಯ ಎರಡು ತುದಿಗಳನ್ನು ಸೇರಿಸಿ ಸಣ್ಣ ಮೊಳೆ ಬಡಿದಿರುತ್ತಾರೆ, ನಕಲಿಯಲ್ಲಿ ಬರೀ ಬಗ್ಗಿಸಿ ಬಿಟ್ಟಿರುತ್ತಾರೆ ಎಂದು ಯಾವುದೋ ಪುಸ್ತಕದಲ್ಲಿ ಓದಿದ್ದೆ. ಅಂಗಿಯ ಭುಜ ಹಿಡಿದೆತ್ತಿ ಕಂಕುಳದ ಹತ್ತಿರ ಭೂತಗನ್ನಡಿ ಇಟ್ಟೆ. ಒಂದು ಬಳೆಯಲ್ಲೂ ಮೊಳೆ ಇಲ್ಲ. ಉಳಿದ ಕಡೆ ತುಕ್ಕು ದಪ್ಪಗೆ ಕಟ್ಟಿತ್ತು, ನೋಡುವ ತಾಳ್ಮೆ ನನಗಿರಲಿಲ್ಲ.

"ಇದು ಹಳೆಯದಲ್ಲ. ಯಾರೋ ವೇಷಕ್ಕೆ ಮಾಡಿಸಿದ್ದು."

"ಹಾಗಾದ್ರೆ ನಮ್ಮ ಅಜ್ಜ ಸುಳ್ಳು ಹೇಳಿದ್ದಾ?"

"ಕಬ್ಬಿಣ ಸುಳ್ಳು ಹೇಳುದಿಲ್ಲ," ಎಂದೆ, ದೊಡ್ಡ ಮನುಷ್ಯನ ಹಾಗೆ. ಅವರು ಕವಚವನ್ನು ಚೀಲಕ್ಕೆ ತುಂಬಿ ಹೊರಟರು. ನನ್ನ ಹೆಂಡತಿ ತಂದಿಟ್ಟ ಕಾಫಿ ಹಾಗೆಯೇ ಆರಿತು.

ಸಂಜೆ ಅವಳು ನನ್ನ ಅಂಗಿ ಹೊಲಿಯುತ್ತ ಕೂತಿದ್ದಳು. ನನ್ನ ಪಾಂಡಿತ್ಯವನ್ನು ಬಣ್ಣಿಸಿ ಹೇಳಿದೆ.

"ನೀವು ನೋಡಿದ್ದು ಎಲ್ಲಿ?"

"ಕಂಕುಳದಲ್ಲಿ."

ಅವಳು ಕೈಯಲ್ಲಿದ್ದ ಅಂಗಿಯನ್ನು ಎತ್ತಿ ಹಿಡಿದಳು. ಸೂಜಿ ಕಂಕುಳದಲ್ಲೇ ಸಿಕ್ಕಿಕೊಂಡಿತ್ತು. "ಅಂಗಿ ಮೊದಲು ಹರಿಯುದು ಇಲ್ಲಿ ಅಲ್ವಾ? ತೇಪೆ ನೋಡಿ ಇಡೀ ಅಂಗಿ ಹೊಸತು ಅಂದ ಹಾಗಾಯ್ತು. ಯುದ್ಧ ಮಾಡದ ಅಂಗಿ ಕಂಕುಳದಲ್ಲಿ ಎಂತಕ್ಕೆ ಹರೀತದೆ ಮಾರಾಯ್ರೆ?"

"ನಿನಗೆಂತ ಗೊತ್ತು!" ಎಂದು ರೇಗಿದೆ. ಅವಳ ಮಾತು ಸರಿ ಎಂದು ಗೊತ್ತಾದದ್ದರಿಂದಲೇ ಅಷ್ಟು ಸಿಟ್ಟು ಬಂದದ್ದು.

ಮುಂದಿನ ಭಾನುವಾರ ನಾನೇ ಸುಳ್ಯದ ಬಸ್ಸು ಹತ್ತಿದೆ. ಇಳಿದು ಎರಡು ಹೊಳೆ ದಾಟಿ ಅವರ ಅಂಗಳ ಮುಟ್ಟಿದಾಗ ಸೊಸೆ ಬೂದಿ ಹಾಕಿ ದೋಸೆ ಕಾವಲಿ ತಿಕ್ಕುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ನಾರಲ್ಲ, ಅಂಗೈಯಗಲದ ಕಬ್ಬಿಣದ ಬಳೆಗಳ ತುಂಡು.

"ಬನ್ನಿ ಮಾಷ್ಟ್ರೆ," ಎಂದು ಹಿರಿಯರು ಜಗಲಿಯಿಂದ ಇಳಿದು ಬಂದರು. "ನಕಲಿ ಅಂತ ನೀವೇ ಹೇಳಿದ್ದಲ್ವಾ? ಉಳಿಯಲ್ಲಿ ಕಡಿದು ಪಾಲು ಮಾಡಿದೆವು. ತಮ್ಮಂದಿರ ಪಾಲು ಕುಲುಮೆಗೆ ಹೋಯ್ತು. ನಮ್ಮದರಲ್ಲಿ ಕಾವಲಿ ತಿಕ್ಕಲಿಕ್ಕೆ ಭಾರೀ ಲಾಯ್ಕ ಉಂಟು."

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ತುಂಡನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದೆ. ವಾರವಿಡೀ ಬೂದಿಯಲ್ಲಿ ತಿಕ್ಕಿ ತುಕ್ಕೆಲ್ಲ ಹೋಗಿತ್ತು. ಭೂತಗನ್ನಡಿ ಬೇಕಾಗಲೇ ಇಲ್ಲ. ಒಂದೊಂದು ಬಳೆಯಲ್ಲೂ ಎಳ್ಳಿನಷ್ಟು ಮೊಳೆ ಕಾಣುತ್ತಿತ್ತು.

"ತಪ್ಪಿದ್ದು ನಾನು," ಎಂದೆ. "ನಿಮ್ಮ ಅಜ್ಜ ಸುಳ್ಳು ಹೇಳಿಲ್ಲ."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಸಾಕು ಎಂದೂ ಇತ್ತು. ಅವರು ತುಂಡನ್ನು ಪಂಚೆಯ ಸೆರಗಿನಲ್ಲಿ ಒರೆಸಿದರು. ದೇವರ ದೀಪದ ಪಕ್ಕದ ಮೊಳೆಗೆ ತೂಗಹಾಕಿದರು. ಕಣ್ಣು ತುಂಬಿತ್ತು, ಮುಖದಲ್ಲಿ ನಗು ಇತ್ತು.

"ಇನ್ನು ಇದರಲ್ಲಿ ತಿಕ್ಕುದು ಬೇಡ," ಎಂದು ಸೊಸೆಗೆ ಹೇಳಿ ನನ್ನ ಕಡೆ ತಿರುಗಿದರು. "ಕೂತುಕೊಳ್ಳಿ ಮಾಷ್ಟ್ರೆ, ಕಾಫಿ ಕುಡಿದೇ ಹೋಗಬೇಕು."

ಕುಡಿದೆ. ಒಂದು ಲೋಟ ಕಾಫಿ ಗಂಟಲಿಳಿಯಲು ಅಷ್ಟು ಹೊತ್ತು ಹಿಡಿಯುತ್ತದೆಂದು ನನಗೆ ಗೊತ್ತಿರಲಿಲ್ಲ.